ಅಜ್ಜನ ಕೋವಿ ಮತ್ತು ನನ್ನ ನಾಲ್ಕು ಯಂತ್ರಗಳು

ನೆನಪನ್ನು ನಂಬಿ ಬರೆಯುವ ಅಭ್ಯಾಸ ನನಗಿಲ್ಲ. ದಿನಚರಿ ಇದೆ. ಆದರೆ ದಿನಚರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ಅದನ್ನು ಬರೆದವನೂ ನಾನೇ. ಆದ್ದರಿಂದ ಈ ಕೆಳಗಿನ ಘಟನೆಯಲ್ಲಿ ನನಗೆ ಅನುಕೂಲವಾಗಿ ಕಾಣುವ ಭಾಗಗಳನ್ನು ಓದುಗರು ಅರ್ಧ ನಂಬಿದರೆ ಸಾಕು. ನನ್ನ ಮರ್ಯಾದೆ ಹೋದ ಭಾಗಗಳನ್ನು ಪೂರ್ತಿ ನಂಬಬಹುದು. ಅವುಗಳಿಗೆ ಇಡೀ ಊರೇ ಸಾಕ್ಷಿ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿತ್ತು. ನಾನು ಭಾಗಮಂಡಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಪ್ರೊಫೆಸರರು ಒಮ್ಮೆ ನಮ್ಮನ್ನೆಲ್ಲ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಂಪ್ಯೂಟರ್ ಎಂಬ ಯಂತ್ರವನ್ನು ತೋರಿಸಿದ್ದರು. ಗಾಜಿನ ಆಚೆಯಿಂದ. ಮುಟ್ಟಲು ಬಿಡಲಿಲ್ಲ. ಇಪ್ಪತ್ತು ನಿಮಿಷ ನೋಡಿದೆ. ಅಷ್ಟೇ ಸಾಕಾಯಿತು, ಊರಿಗೆ ಬರುವಷ್ಟರಲ್ಲಿ ನಮ್ಮ ತಾಲೂಕಿಗೆ ಆ ವಿಷಯದ ಏಕೈಕ ತಜ್ಞ ನಾನಾಗಿದ್ದೆ!

ಮೇಷ್ಟ್ರಾಗಿ ಎರಡು ವರ್ಷ ಕಳೆದ ಮೇಲೆ ಪ್ರೊಫೆಸರರಿಂದ ಒಂದು ಕಾಗದ ಬಂತು. ಮುಂದೊಂದು ಕಾಲದಲ್ಲಿ ಇಂಥ ಯಂತ್ರಗಳು ಬೇರೆ ಬೇರೆ ಊರುಗಳಲ್ಲಿ ಕೂತು, ತಂತಿಯ ಮೂಲಕ ಮಾತಾಡಿಕೊಂಡು, ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆಯಂತೆ. ಆಗ ನಡುವೆ ಒಂದು ಯಂತ್ರ ಸತ್ತುಹೋದರೆ ಉಳಿದವುಗಳಿಗೆ ಅದು ತಿಳಿಯುವುದು ಹೇಗೆ? ‘ಯಂತ್ರವಿಲ್ಲವೆಂದು ಸುಮ್ಮನೆ ಕೂರಬೇಡಿ. ಮನುಷ್ಯರನ್ನೇ ಯಂತ್ರಗಳ ಹಾಗೆ ಕೂರಿಸಿ ಒಂದು ಸಿಮ್ಯುಲೇಶನ್ ಮಾಡಿ ನೋಡಿ. ರಜೆಗೆ ಮಡಿಕೇರಿಗೆ ಬರುತ್ತಿದ್ದೇನೆ. ಒಂದು ಭಾನುವಾರ ನಿಮ್ಮಲ್ಲಿಗೆ ಬಂದು ನೋಡುತ್ತೇನೆ. ಚೆನ್ನಾಗಿದ್ದರೆ ನನ್ನ ಕೈಕೆಳಗೆ ಸಂಶೋಧನೆಗೆ ಸೇರಬಹುದು’ ಎಂದು ಬರೆದಿದ್ದರು.

ಇನ್ನು ಕೇಳಬೇಕೆ! ಕಾಗದ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಲೀಲಾ ಅಕ್ಕಿ ಆರಿಸುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂದರೆ ನಾನು ಹೇಳಿದ್ದನ್ನು ಆಕೆ ಇನ್ನೂ ಕೇಳುತ್ತಿದ್ದ ಕಾಲ.

"ಸಿಮ್ಯುಲೇಶನ್ ಅಂದ್ರೆ ಎಂಥ?" ಎಂದಳು.

"ನಿಜವಾದದ್ದು ಇಲ್ಲದಾಗ, ಅದು ಇದ್ದ ಹಾಗೆಯೇ ಮಾಡಿ ತೋರಿಸುವುದು."

"ಹಾಂಗಾರೆ ನೀವು ತೋಟದ ಕೆಲ್ಸ ಮಾಡುವ ಹಾಂಗೆ."

ಈ ಮಾತನ್ನು ಆಕೆ ಆ ದಿನವೇ ಹೇಳಿದಳೋ, ಎಲ್ಲ ಮುಗಿದ ಮೇಲೆ ಹೇಳಿದಳೋ, ನನಗೆ ಖಚಿತವಿಲ್ಲ. ದಿನಚರಿಯಲ್ಲಿ ಇಲ್ಲ. ಇಂಥವನ್ನು ನಾನು ದಿನಚರಿಗೆ ಹಾಕುವುದಿಲ್ಲ.

ಒಂದು ವಾರ ಕೂತು ಹತ್ತೊಂಬತ್ತು ನಿಯಮಗಳನ್ನು ಬರೆದೆ. ಫೂಲ್‌ಸ್ಕೇಪ್ ಕಾಗದದಲ್ಲಿ, ಅಂಚು ಬಿಟ್ಟು, ಕೆಂಪು ಶಾಯಿಯಲ್ಲಿ ಗೆರೆ ಎಳೆದು. ಒಟ್ಟು ನಾಲ್ಕು ಯಂತ್ರಗಳು. ಒಂದನೆಯ ಯಂತ್ರ ನಮ್ಮ ಅಜ್ಜ. ಸ್ಥಾನ, ಮುಂದಿನ ಜಗಲಿ. ಎರಡನೆಯದು ಲೀಲಾ. ಸ್ಥಾನ, ಅಡುಗೆಮನೆ, ಏಕೆಂದರೆ ಬೇರೆಲ್ಲಿ ಕೂರಿಸಿದರೂ ಅನ್ನ ಸೀದುಹೋಗುತ್ತದೆ ಎಂದು ಆ ಯಂತ್ರ ಮೊದಲೇ ತಿಳಿಸಿತ್ತು. ಮೂರನೆಯದು ಪಕ್ಕದ ಎಸ್ಟೇಟಿನ ರೈಟರ್ ಕುಂಞಿರಾಮ. ಕೂಲಿಯಾಳುಗಳ ಹಾಜರಿ ಬರೆಯುವ ಕೆಲಸದವರು, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದು ಬಿಡುವಾಗಿದ್ದರು. ಅವರನ್ನು ಕಾಫಿ ಒಣಗಿಸುವ ಕಣದಲ್ಲಿ, ಕೊಡೆಯ ಕೆಳಗೆ ಕೂರಿಸಿದೆ. ನಾಲ್ಕನೆಯದು ಬೆಳ್ಯಪ್ಪಣ್ಣ. ಗದ್ದೆಯ ಆಚೆ ದಡದಲ್ಲಿ ಅವರ ಮನೆ. ಕೂಗಿದರೆ ಕೇಳದಷ್ಟು ದೂರ.

ಜಗಲಿ, ಅಡುಗೆಮನೆ, ಕಣ, ಈ ಮೂರರ ನಡುವೆ ಹಗ್ಗ ಕಟ್ಟಿ, ಅದರಲ್ಲಿ ಬಿಸ್ಕತ್ತಿನ ಡಬ್ಬಿಗಳನ್ನು ಇಳಿಬಿಟ್ಟೆ. ಅದೇ ತಂತಿ. ಒಂದು ದೊಡ್ಡ ಗುಣಾಕಾರವನ್ನು ಮೂರು ತುಂಡು ಮಾಡಿ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಕಳಿಸುವುದು. ಉತ್ತರ ಚೀಟಿಯಲ್ಲೇ ವಾಪಸು ಬರುವುದು. ಇದಲ್ಲದೆ ಪ್ರತಿ ಯಂತ್ರವೂ ಹತ್ತು ನಿಮಿಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಸಾರಬೇಕು. ಲೀಲಾ ಕಂಚಿನ ತಟ್ಟೆ ಬಡಿಯಬೇಕು, ರೈಟರು ಗಂಟೆ ಬಾರಿಸಬೇಕು, ಅಜ್ಜ ಊರುಗೋಲು ಕುಟ್ಟಬೇಕು, ಬೆಳ್ಯಪ್ಪಣ್ಣ ಕಾಡುಹಂದಿ ಓಡಿಸುವ ಸೀಮೆಎಣ್ಣೆ ಡಬ್ಬ ಬಾರಿಸಬೇಕು.

ಬೆಳ್ಯಪ್ಪಣ್ಣನಿಗೆ ಲೆಕ್ಕ ಕೊಟ್ಟಿರಲಿಲ್ಲ. ಅವರಿಗೆ ವಹಿಸಿದ್ದು ಅತ್ಯಂತ ಸುಲಭದ ಮತ್ತು ಅತ್ಯಂತ ಮುಖ್ಯವಾದ ಕೆಲಸ.

"ಬೆಳ್ಯಪ್ಪಣ್ಣ, ನೀವು ಸರಿಯಾಗಿ ಹನ್ನೊಂದು ಗಂಟೆಗೆ ಸಾಯಬೇಕು" ಎಂದೆ.

ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೇಳಿದರು: "ಸತ್ತು ಎಂಥ ಮಾಡಬೇಕು ತಮ್ಮ?"

"ಏನೂ ಮಾಡಬಾರದು. ಡಬ್ಬ ಬಾರಿಸಬಾರದು. ನಾನು ಎಷ್ಟು ಕರೆದರೂ ಉತ್ತರ ಕೊಡಬಾರದು."

"ಅಷ್ಟೆಯಾ? ನಮ್ಮ ಮನೆಲಿ ದಿನಾ ಮಾಡುವ ಕೆಲ್ಸವೇ ಅಲಾ ಇದ್!"

ಆದರೆ ಅಷ್ಟು ದೂರದವರನ್ನು ಕರೆಯುವುದು ಹೇಗೆ? ಗದ್ದೆ ದಾಟಿ ಕೇಳುವ ಶಬ್ದ ನಮ್ಮ ಮನೆಯಲ್ಲಿ ಒಂದೇ ಇತ್ತು. ಅಜ್ಜನ ಎರಡು ನಳಿಗೆಯ ಕೋವಿ.

ಇಲ್ಲಿ ಅಜ್ಜನ ವಿಷಯ ಸ್ವಲ್ಪ ಹೇಳಬೇಕು. ಅಜ್ಜನಿಗೆ ಎಂಬತ್ತು ದಾಟಿತ್ತು. ಕಿವಿ ಮಂದ, ಉಳಿದದ್ದೆಲ್ಲ ಚುರುಕು. ಅವರಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ತಾವು ಸತ್ತ ದಿನ ಅಂಗಳ ತುಂಬ ಜನ ಸೇರಬೇಕು. ಆ ಒಂದು ಉದ್ದೇಶದಿಂದ ಅವರು ನಲವತ್ತು ವರ್ಷಗಳಿಂದ ಸುತ್ತಿನ ಯಾವ ಸಾವನ್ನೂ ತಪ್ಪಿಸಿರಲಿಲ್ಲ. ನಮ್ಮ ಕಡೆ ಸಾವಾದ ಮನೆಯವರು ಅಂಗಳದಲ್ಲಿ ನಿಂತು ಬೆನ್ನುಬೆನ್ನಿಗೆ ಎರಡು ಈಡು ಹೊಡೆಯುತ್ತಾರೆ. ಆ ಜೋಡಿ ಗುಂಡಿನ ಸದ್ದು ಕೇಳಿದವರು ಕೈಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡಬೇಕು. ಯಾರೂ ಬಂದು ಕರೆಯುವುದಿಲ್ಲ. ಕರೆಯುವ ಅಗತ್ಯವೂ ಇಲ್ಲ. ಒಂದೇ ಈಡಾದರೆ ಗಂಡುಕೂಸು ಹುಟ್ಟಿದೆ ಎಂದೋ, ಯಾರೋ ಮಂಗ ಓಡಿಸಿದರು ಎಂದೋ ಅರ್ಥ. ಇದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನಾನು ಹುಟ್ಟಿದ್ದನ್ನು ಊರಿಗೆ ಸಾರಿದ್ದೂ ಇದೇ ಕೋವಿ.

ಓದುಗರು ಇದನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಮರೆತೆ.

ಕೋವಿ ಕೇಳಿದಾಗ ಅಜ್ಜ ಅದನ್ನು ಕೆಳಗಿಳಿಸಿ ನಳಿಗೆ ಒರೆಸಿದರು. ಆಮೇಲೆ ಹೇಳಿದರು: "ಕೊಟ್ಟೇನು ಮಗ. ಆದರೆ ಈ ಕೋವಿ ಇದುವರೆಗೆ ಒಂದೇ ಒಂದು ಸುಳ್ಳು ಹೇಳಿಲ್ಲೆ. ನಿನ್ನ ಅಜ್ಜಿ ಸತ್ತದ್ದನ್ನೂ ಅದೇ ಹೇಳ್ದು, ನಿನ್ನ ಅಪ್ಪ ಸತ್ತದ್ದನ್ನೂ ಅದೇ ಹೇಳ್ದು. ನಾಳೆ ನಂದನ್ನೂ ಅದೇ ಹೇಳಬೇಕು. ಅದರ ಬಾಯಿಲಿ ಸುಳ್ಳು ಹೇಳ್ಸಬೇಡ."

"ಅಜ್ಜ, ಇದು ವಿಜ್ಞಾನ!" ಎಂದೆ.

"ಅದ್ಕೇ ಹೇಳಿದ್."

ಹೀಗೆ ಹದಿಮೂರನೆಯ ನಿಯಮ ಸಿದ್ಧವಾಯಿತು: ‘ದೂರದ ಯಂತ್ರದಿಂದ ಸಂಕೇತ ಬಾರದಿದ್ದಲ್ಲಿ ಕೇಂದ್ರವು ಒಂದು ಗುಂಡು ಹಾರಿಸಿ ಕರೆಯತಕ್ಕದ್ದು. ಒಂದು ನಿಮಿಷದೊಳಗೆ ಉತ್ತರ ಬಾರದಿದ್ದಲ್ಲಿ ಮತ್ತೊಮ್ಮೆ ಕರೆಯತಕ್ಕದ್ದು.’ ಕೇಂದ್ರ ಎಂದರೆ ನಾನು. ಆದ್ದರಿಂದ ಇದನ್ನು ಉಳಿದ ಯಂತ್ರಗಳಿಗೆ ಓದಿ ಹೇಳುವ ಅಗತ್ಯ ಕಾಣಲಿಲ್ಲ. ಎಷ್ಟು ಸ್ಪಷ್ಟವಾದ ಭಾಷೆ ನೋಡಿ! ಒಂದಕ್ಕೆ ಒಂದು ಕೂಡಿದರೆ ಎಷ್ಟಾಗುತ್ತದೆ ಎಂಬುದು ಮಾತ್ರ ಎಂ.ಎಸ್ಸಿ. ಓದಿದ ನನಗೆ ಹೊಳೆಯಲಿಲ್ಲ.

ಪೂರ್ವಾಭ್ಯಾಸ ಮೂರು ಸಲ ನಡೆಯಿತು. ಮೊದಲ ಸಲ ರೈಟರ್ ಕುಂಞಿರಾಮರು ಪ್ರತಿ ಚೀಟಿಗೂ ಪೂರ್ತಿ ಕಾಗದ ಬರೆದರು. ‘ತಮ್ಮ ಚೀಟಿ ತಲುಪಿ ಸಂತೋಷವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ತಾವು ಕೇಳಿದ ಗುಣಲಬ್ಧವನ್ನು ಸದ್ಯದಲ್ಲೇ ಕಳುಹಿಸಿಕೊಡಲಾಗುವುದು. ಇಂತಿ ತಮ್ಮ ವಿಧೇಯ.’ ಆ ಗುಣಲಬ್ಧ ಇದುವರೆಗೂ ಬಂದಿಲ್ಲ.

ಎರಡನೆಯ ಸಲ ಹಲಸಿನ ಮರದಿಂದ ಒಂದು ಮಂಗ ಇಳಿದು, ಡಬ್ಬಿಯಲ್ಲಿ ಬಿಸ್ಕತ್ತು ಇರಬಹುದೆಂದು ಹುಡುಕಿ, ಇಲ್ಲದ್ದಕ್ಕೆ ಸಿಟ್ಟಾಗಿ ಚೀಟಿಯನ್ನೇ ತಿಂದಿತು. ‘ಸಂದೇಶವು ಮಾರ್ಗಮಧ್ಯದಲ್ಲಿ ನಷ್ಟವಾಯಿತು’ ಎಂದು ನಾನು ಗಂಭೀರವಾಗಿ ಬರೆದುಕೊಂಡೆ. ಮೂರನೆಯ ಸಲ ಲೀಲಾ ತನ್ನ ಪಾಲಿನ ಲೆಕ್ಕದ ಜೊತೆ ಉಳಿದಿಬ್ಬರ ಲೆಕ್ಕವನ್ನೂ ಒಲೆಯ ಮುಂದೆ ಕೂತು ಬಾಯಲ್ಲೇ ಮಾಡಿ, ಉತ್ತರ ಬರೆದು, "ಇನ್ನು ಹಗ್ಗ ಬಿಚ್ಚುವೊ, ಬಟ್ಟೆ ಹಾಕೋಕೆ ಬೇಕು" ಎಂದು ಚೀಟಿ ಕಳಿಸಿದಳು. ಇದು ವ್ಯವಸ್ಥೆಯ ನಿಯಮಕ್ಕೆ ವಿರುದ್ಧವೆಂದು ಆಕೆಗೆ ಲಿಖಿತ ಎಚ್ಚರಿಕೆ ಕೊಟ್ಟೆ. ಆ ರಾತ್ರಿ ನನಗೆ ಸಾರಿಗೆ ಉಪ್ಪು ಬೀಳಲಿಲ್ಲ.

ಈ ಮೂರೂ ಅಭ್ಯಾಸಗಳಲ್ಲಿ ಗುಂಡಿನ ತೋಟೆ ಹಾಳಾಗಬಾರದೆಂದು ಕೋವಿಯನ್ನು ಹೊರಗೆ ತೆಗೆದಿರಲಿಲ್ಲ. ಗುಂಡು ಹಾರಿಸಬೇಕಾದ ಕಡೆ ನಾನು ಬಾಯಲ್ಲೇ "ಢಂ" ಎನ್ನುತ್ತಿದ್ದೆ. ಒಂದು ನಿಮಿಷ ಬಿಟ್ಟು ಮತ್ತೆ "ಢಂ". ಮೂರು ಸಲವೂ ಯಾವ ತೊಂದರೆಯೂ ಆಗಲಿಲ್ಲ!

ಭಾನುವಾರ ಬಂತು. ಪ್ರೊಫೆಸರರು ಹತ್ತೂವರೆಗೆ ಬರುವುದಾಗಿ ಹೇಳಿದ್ದರು. ಲೀಲಾ ಬೆಳಿಗ್ಗೆಯೇ ಎದ್ದು ಕೋಳಿಸಾರಿಗೆ ಅರೆದು, ಕಡುಬು ಬೇಯಲು ಇಟ್ಟಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ನಿಯಮಾವಳಿಯನ್ನು ರಟ್ಟಿಗೆ ಅಂಟಿಸಿ, ದನದ ಕೊಟ್ಟಿಗೆಯ ಹಿಂದೆ ಕೇಂದ್ರ ಸ್ಥಾಪಿಸಿಕೊಂಡೆ. ಅಲ್ಲಿಂದ ಗದ್ದೆಯ ಆಚೆ ದಡ ಕಾಣುತ್ತಿತ್ತು. ಹತ್ತಕ್ಕೆ ಎಲ್ಲ ಯಂತ್ರಗಳೂ ಬದುಕಿದ್ದವು. ತಟ್ಟೆ, ಗಂಟೆ, ಊರುಗೋಲು, ಡಬ್ಬ.

ಹತ್ತೂವರೆಯಾಯಿತು. ಪ್ರೊಫೆಸರರಿಲ್ಲ. ಹತ್ತು ಮುಕ್ಕಾಲು. ಜೀಪಿನ ಸದ್ದೇ ಇಲ್ಲ.

ಆಗ ಒಂದು ವಿಷಯ ತಲೆಗೆ ಬಂತು. ಬೆಳ್ಯಪ್ಪಣ್ಣ ಹನ್ನೊಂದಕ್ಕೆ ಸಾಯುವವರು. ‘ಅತಿಥಿ ಇನ್ನೂ ಬಂದಿಲ್ಲ, ಸ್ವಲ್ಪ ತಡೆದು ಸಾಯಿರಿ’ ಎಂದು ಹೇಳುವುದಕ್ಕೆ ನನ್ನ ಹತ್ತೊಂಬತ್ತು ನಿಯಮಗಳಲ್ಲಿ ದಾರಿಯೇ ಇರಲಿಲ್ಲ. ಅವರು ಮಾತಿಗೆ ತಪ್ಪುವವರೂ ಅಲ್ಲ. ಹನ್ನೊಂದಕ್ಕೆ ಸರಿಯಾಗಿ ಸತ್ತರು. ಆಚೆ ದಡ ನಿಶ್ಶಬ್ದ.

ಆಗಲಿ, ಪ್ರೊಫೆಸರರು ಬರುವ ಮುಂಚೆ ನಿಜವಾದ ಕೋವಿಯಲ್ಲೇ ಒಂದು ಪೂರ್ಣ ಪರೀಕ್ಷೆ ಆಗಿಬಿಡಲಿ ಎಂದುಕೊಂಡೆ. ಕೋವಿ ಎತ್ತಿ ಒಂದು ಈಡು ಹೊಡೆದೆ. ಗುಡ್ಡದಿಂದ ಗುಡ್ಡಕ್ಕೆ ಮೊಳಗಿತು. ಏನು ಗಾಂಭೀರ್ಯ! ಬಾಯಿಯ ಢಂಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಿಯಮದ ಪ್ರಕಾರ ಅರವತ್ತು ಎಣಿಸಿದೆ. ಉತ್ತರವಿಲ್ಲ. ಎರಡನೆಯದನ್ನೂ ಹೊಡೆದೆ.

ಈ ಎರಡರ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದರ ಬಗ್ಗೆ ಇಂದಿಗೂ ವಿವಾದವಿದೆ. ದಿನಚರಿಯಲ್ಲಿ ‘ಪೂರ್ಣ ಒಂದು ನಿಮಿಷ’ ಎಂದಿದೆ. ‘ಪೂರ್ಣ’ ಎಂಬ ಪದದ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ, ಅದೇ ಅನುಮಾನಕ್ಕೆ ಕಾರಣ. ರೈಟರು, "ನಾನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಎರಡನೆಯದು ಬಿತ್ತು ಮೇಷ್ಟ್ರೇ" ಎನ್ನುತ್ತಾರೆ. ಆತಂಕದಲ್ಲಿದ್ದ ಗಣಿತದ ಮೇಷ್ಟ್ರು ಅರವತ್ತನ್ನು ಎಷ್ಟು ಬೇಗ ಎಣಿಸಬಲ್ಲ ಎಂಬುದಕ್ಕೆ ಈಗ ಯಾವ ದಾಖಲೆಯೂ ಇಲ್ಲ.

ಎರಡನೆಯ ಸದ್ದು ಅಡಗುತ್ತಿದ್ದಂತೆ ಅಡುಗೆಮನೆಯಲ್ಲಿ ಏನೋ ದಡಾರನೆ ಬಿತ್ತು. ಲೀಲಾ ಹಿಂಬಾಗಿಲಿಗೆ ಓಡಿ ಬಂದಳು.

"ಎಷ್ಟು ಹೊಡ್ದ್ರಿ?"

"ಎರಡು. ನಿಯಮ ಹದಿಮೂರರ ಪ್ರಕಾರ..."

"ಎರಡು!" ಎಂದಳು. ಆ ಒಂದು ಪದದಲ್ಲಿ ನನ್ನ ಎಂ.ಎಸ್ಸಿ. ಮುಗಿಯಿತು.

ಆಚೆ ದಡದಲ್ಲಿ, ಸತ್ತಿರಬೇಕಾಗಿದ್ದ ನಾಲ್ಕನೆಯ ಯಂತ್ರ ಗದ್ದೆಯ ಬದುವಿನ ಮೇಲೆ ಬಿಳಿ ಬಟ್ಟೆಯಲ್ಲಿ ಓಡಿ ಬರುತ್ತಿತ್ತು. ಅವರ ಹಿಂದೆ ಇನ್ನಿಬ್ಬರು. ಮೇಲಿನ ಗುಡ್ಡದ ದಾರಿಯಲ್ಲಿ ಬಿಳಿ ಚುಕ್ಕೆಗಳು. ಕಣದ ಕಡೆಯಿಂದ ರೈಟರು ಕೊಡೆ ಮಡಚಿಕೊಂಡು, ಕಣ್ಣೊರೆಸಿಕೊಂಡು ಬರುತ್ತಿದ್ದರು.

ತಡೆಯಬೇಕಿತ್ತು. ಹೇಗೆ? ಅಷ್ಟು ದೂರದವರಿಗೆಲ್ಲ ಒಟ್ಟಿಗೆ ‘ಸುಳ್ಳು, ಹಿಂದಕ್ಕೆ ಹೋಗಿ’ ಎಂದು ಹೇಳಬಲ್ಲ ಸಾಧನ ನನ್ನ ಕೈಯಲ್ಲಿದ್ದದ್ದು ಒಂದೇ. ಹೊಸ ತೋಟೆ ತುಂಬಿ ಮೂರನೆಯ ಈಡನ್ನೂ ಹೊಡೆದೇಬಿಟ್ಟೆ!

ಲೀಲಾ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತಳು. ಏಕೆಂದು ನನಗೆ ಆಗ ತಿಳಿಯಲಿಲ್ಲ. ಹತ್ತು ನಿಮಿಷದಲ್ಲಿ ತಿಳಿಯಿತು. ಬೆಳ್ಯಪ್ಪಣ್ಣನ ಹೆಂಡತಿ ದೇವಕ್ಕ ಒಂದು ಕೈಯಲ್ಲಿ ಬಾಣಂತಿಯ ಮದ್ದಿನ ಸೀಸೆ, ಇನ್ನೊಂದು ಕೈಯಲ್ಲಿ ಹಳೆಯ ಮೆತ್ತಗಿನ ಬಟ್ಟೆ ಹಿಡಿದು, ಅರ್ಧ ಅಳುತ್ತ ಅರ್ಧ ನಗುತ್ತ ಒಳಗೆ ನುಗ್ಗಿದರು.

"ಅಯ್ಯೋ ಮಗಳೇ! ಅಜ್ಜ ಹೋದ ಗಳಿಗೆಲೇ ಕೂಸು ಬಾತಲಾ! ಅಜ್ಜನೇ ತಿರುಗಿ ಹುಟ್ಟಿ ಬಂದದ್! ಎಲ್ಲುಂಟು ಕೂಸು?"

ಲೀಲಾ ನನ್ನ ಕಡೆ ನೋಡಿ ಹೇಳಿದಳು: "ನಾನು ಹೆತ್ತದ್ ಊರಿಗೆಲ್ಲ ಗೊತ್ತಾತ್. ನಂಗೊಬ್ಬಳಿಗೆ ಗೊತ್ತಿಲ್ಲೆ!"

ದೇವಕ್ಕನ ಹಿಂದೆ ಬಂದ ಹೆಂಗಸರು ಸಂಪ್ರದಾಯ ಬಲ್ಲವರು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ನಾನು ಬಾಯಿ ತೆರೆಯುವ ಮೊದಲೇ ಒಂದು ಕೊಡ ನೀರು ಕೋಳಿಸಾರಿನ ಒಲೆಗೆ, ಇನ್ನೊಂದು ಕಡುಬಿನ ಒಲೆಗೆ ಬಿತ್ತು. ಹೊಗೆಯ ನಡುವೆ ಎರಡನೆಯ ಯಂತ್ರ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ.

ಆದರೆ ಅಜ್ಜ ಎಲ್ಲಿ?

ಜಗಲಿಗೆ ಓಡಿದೆ. ಒಂದನೆಯ ಯಂತ್ರದ ಸ್ಥಾನ ಖಾಲಿ! ಊರುಗೋಲಿಲ್ಲ. ಗೂಟದಲ್ಲಿ ಸದಾ ನೇತಾಡುತ್ತಿದ್ದ ಬಿಳಿ ಬಟ್ಟೆಯೂ ಇಲ್ಲ.

ಮುಂದೆ ಹೇಳುವುದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಬೆಳ್ಯಪ್ಪಣ್ಣ ಹೇಳಿದ್ದು, ಮತ್ತು ಹೇಳುವಾಗೆಲ್ಲ ಸ್ವಲ್ಪ ಬೆಳೆಯುತ್ತದೆ. ಅಜ್ಜನಿಗೆ ಜೋಡಿ ಈಡು ಕೇಳಿಸಿತ್ತು. ಎಷ್ಟೇ ಮಂದವಾದರೂ ಆ ಕಿವಿ ಅದೊಂದನ್ನು ಬಿಡುವುದಿಲ್ಲ. ಆದರೆ ಯಾವ ದಿಕ್ಕಿನಿಂದ ಎಂದು ತಿಳಿಯಲಿಲ್ಲ. ನಲವತ್ತು ವರ್ಷದ ಅಭ್ಯಾಸ. ನನ್ನ ಲೆಕ್ಕದ ಚೀಟಿಯನ್ನು ಡಬ್ಬಿಯಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಊರುಗೋಲು ಹಿಡಿದು ಹೊರಟೇಬಿಟ್ಟಿದ್ದರು. ಓಣಿಯ ತಿರುವಿನಲ್ಲಿ ಏಳೆಂಟು ಜನ ಎದುರಾದರು.

"ಯಾರ ಮನೆಲಿ?" ಎಂದರು ಅಜ್ಜ.

ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸರಿದರು. ಕೊನೆಗೆ ಬೆಳ್ಯಪ್ಪಣ್ಣ, "ನಿಮ್ಮ ಮನೆಲಿಯೇ" ಎಂದರು.

"ಯಾರು ಹೋದದ್?"

"...ನೀವು."

ಅಜ್ಜ ಊರುಗೋಲನ್ನು ಮನೆಯ ಕಡೆ ತಿರುಗಿಸಿದರಂತೆ. ಆಮೇಲೆ, "ಹಾಂಗಾರೆ ನಡೀರಿ, ನಾನೂ ಬನ್ನೆ" ಎಂದು ಅವರ ಜೊತೆಯೇ ಹಿಂದಿರುಗಿದರು.

ಅಂಗಳ ತುಂಬಿತ್ತು. ಅಜ್ಜ ಬಯಸಿದ್ದಕ್ಕಿಂತ ಹೆಚ್ಚು ಜನ. ಅವರು ನಡುವೆ ಓಡಾಡಿ, ಯಾರು ಬಂದಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡಿ ತಲೆಯಾಡಿಸುತ್ತಿದ್ದರು. "ಪೊನ್ನಪ್ಪ ಬಾತ್ಲೆಯಾ? ಅವನ ಅಪ್ಪನ ಸಾವಿಗೆ ನಾನು ಮಳೆಲಿ ಹೋಗಿದ್ದೆ!" ಎಂದು ಬಾರದ ಒಬ್ಬನನ್ನು ನೆನಪಿಟ್ಟುಕೊಂಡರು. ನಾನು ಗುಂಪಿನಿಂದ ಗುಂಪಿಗೆ ಹೋಗಿ, ‘ಇದು ಸಿಮ್ಯುಲೇಶನ್, ಯಂತ್ರಗಳ ಅಣಕು ಪ್ರಯೋಗ’ ಎಂದು ವಿವರಿಸುತ್ತಿದ್ದೆ. ಕೇಳಿದವರು ನನ್ನ ಭುಜ ತಟ್ಟಿ, "ದುಃಖದಲಿ ಹಾಂಗೇ ಆಗುದು, ನೀರು ಕುಡಿ" ಎನ್ನುತ್ತಿದ್ದರು.

ಸರಿಯಾಗಿ ಆಗ ಜೀಪು ಬಂತು.

ಪ್ರೊಫೆಸರರು ಇಳಿದರು. ಬಿಳಿ ಬಟ್ಟೆಯ ಜನಸಂದಣಿ ನೋಡಿ ಟೋಪಿ ತೆಗೆದರು. ತಲೆ ತಗ್ಗಿಸಿ ನಿಧಾನವಾಗಿ ನನ್ನ ಬಳಿ ಬಂದು ಕೈ ಹಿಡಿದರು.

"ದಾರಿಯಲ್ಲಿ ಹೇಳಿದರು. ನಿಮ್ಮ ಅಜ್ಜನವರಂತೆ. ಬಹಳ ವಿಷಾದ."

"ವಯಸ್ಸಾಗಿತ್ತು ಬಿಡಿ" ಎಂದರು ನನ್ನ ಪಕ್ಕದಲ್ಲಿದ್ದ ಅಜ್ಜ.

"ತಾವು?"

"ನಾನೇ."

ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು. ನಾನು ಹೇಳಿದೆ. ನಾನು ಬಿಟ್ಟದ್ದನ್ನು ಲೀಲಾ ಸೇರಿಸಿದಳು. ಪ್ರೊಫೆಸರರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನ ಹಗ್ಗ, ಡಬ್ಬಿ, ರಟ್ಟಿನ ಮೇಲಿನ ನಿಯಮಾವಳಿಯನ್ನೆಲ್ಲ ಒಮ್ಮೆ ನೋಡಿ, "ಹೂಂ" ಎಂದರು. ಅದೇ ಹೊತ್ತಿಗೆ ಹಲಸಿನ ಮರದಿಂದ ಮಂಗ ಇಳಿದು, ಡಬ್ಬಿಗೆ ಕೈ ಹಾಕಿ, ಅಜ್ಜ ಬಿಟ್ಟುಹೋಗಿದ್ದ ಲೆಕ್ಕವನ್ನು ಎತ್ತಿಕೊಂಡು ಹೋಯಿತು. ಪ್ರೊಫೆಸರರು ನನ್ನ ಕಡೆ ಬೆನ್ನು ಮಾಡಿ ಅಜ್ಜನ ಪಕ್ಕದಲ್ಲಿ ಕೂತು ಟಿಪ್ಪಣಿ ಪುಸ್ತಕ ತೆರೆದರು.

"ಈಡು ಹೊಡೆದ ಮೇಲೆ ಇಷ್ಟು ಜನ ಸೇರಲು ಎಷ್ಟು ಹೊತ್ತು ಬೇಕಾಯಿತು?"

"ಒಂದು ಕಾಫಿ ಕುಡಿಯುವಷ್ಟು ಹೊತ್ತು."

"ಯಾರಾದರೂ ಮನೆ ಮನೆಗೆ ಹೋಗಿ ಹೇಳಿದರೇ?"

"ಹೇಳೋಕೆ ಎಂಥಕ್ಕೆ? ಕಿವಿ ಇಲ್ಲೆಯಾ?"

"ಸುದ್ದಿ ತಪ್ಪಾಗಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ?"

ಅಜ್ಜನ ಮುಖ ಆಗ ಮೊದಲ ಬಾರಿಗೆ ಬಾಡಿತು. "ಅದ್ಕೆ ಕ್ರಮ ಇಲ್ಲೆ ಸ್ವಾಮಿ. ಯಾಕೆಂದರೆ ಇದುವರೆಗೆ ತಪ್ಪೇ ಆಗಿಲ್ಲೆ" ಎಂದು ಹೇಳಿ, ನನ್ನ ಕಡೆ ತಿರುಗಿದರು. "ಎಂಥ ಮಾಡಿಬಿಟ್ಟೆ ಮಗ? ಇಂದ್ ಇಷ್ಟು ಜನ ಬಂದ್ರ್. ನಾಳೆ ನಾನು ನಿಜವಾಗಿ ಹೋದಾಗ ಈ ಕೋವಿ ಹೇಳಿದ್ದನ್ನ ಯಾರು ನಂಬುದು?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ದಿನಚರಿ ನೋಡದೆ ಬರೆಯುತ್ತಿದ್ದೇನೆ. ಈ ಒಂದು ಮಾತಿಗೆ ದಿನಚರಿ ಬೇಕಾಗಿಲ್ಲ.

ಹಿರಿಯರು ಅಲ್ಲೇ ಜಗಲಿಯಲ್ಲಿ ಕೂತರು. ಬಂದ ಜನ ಹೇಗೂ ಬಂದಿದ್ದರು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಇನ್ನು ಮುಂದೆ ಈ ಮನೆಯಿಂದ ಜೋಡಿ ಈಡು ಕೇಳಿದರೆ ಯಾರೂ ಕೂಡಲೇ ಹೊರಡಬಾರದು. ಮೊದಲು ಬೆಳ್ಯಪ್ಪ ಬಂದು ತನ್ನ ಕಣ್ಣಿನಿಂದ ನೋಡಬೇಕು. ನಿಜವಾದರೆ ಹಿಂದಿರುಗಿ ತನ್ನ ಅಂಗಳದಿಂದ ತಾನೂ ಎರಡು ಈಡು ಹೊಡೆಯಬೇಕು. ಆಮೇಲೆ ಊರು ಅನುಮಾನಿಸದೆ ಹೊರಡಬಹುದು. ಮೇಷ್ಟ್ರು ಮಾತ್ರ ಕೋವಿಯನ್ನು ಮುಟ್ಟಬಾರದು.

ಪ್ರೊಫೆಸರರು ಪ್ರತಿ ಅಕ್ಷರವನ್ನೂ ಬರೆದುಕೊಂಡರು. "ಅದ್ಭುತ!" ಎಂದರು. ನಾನು ಒಂದು ವಾರ ಕೂತು ಬರೆದ ಹತ್ತೊಂಬತ್ತು ನಿಯಮಗಳಲ್ಲಿ ಇಲ್ಲದ್ದನ್ನು ಏಳು ಜನ ಮುದುಕರು ಎಲೆಅಡಿಕೆ ಮುಗಿಯುವುದರೊಳಗೆ ಕಂಡುಹಿಡಿದಿದ್ದರು. ದೇವಕ್ಕನ ಮನೆಯಿಂದ ಬಂದ ಗಂಜಿ ಕುಡಿದು, ಅಜ್ಜನಿಗೆ ಎರಡೂ ಕೈ ಜೋಡಿಸಿ, ಪ್ರೊಫೆಸರರು ಜೀಪು ಹತ್ತಿದರು.

ಒಂದು ತಿಂಗಳ ಮೇಲೆ ಮೈಸೂರಿನಿಂದ ಕಾಗದ ಬಂತು. ಅಜ್ಜನ ಹೆಸರಿಗೆ. ಅವರು ಹೇಳಿದ ಪದ್ಧತಿಯ ಬಗ್ಗೆ ಪ್ರೊಫೆಸರರು ಉಪನ್ಯಾಸ ಮಾಡಿದರಂತೆ, ಎಲ್ಲರೂ ಮೆಚ್ಚಿದರಂತೆ, ಅಜ್ಜನ ಆರೋಗ್ಯ ಹೇಗಿದೆಯಂತೆ. ಕೊನೆಯಲ್ಲಿ ಒಂದು ಸಾಲು: ‘ನಿಮ್ಮ ಮೊಮ್ಮಗ ಉತ್ಸಾಹಿ. ಅವರಿಗೆ ಹೈಸ್ಕೂಲೇ ಸರಿ.’ ಇದನ್ನು ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಬೇಕಾದವನೂ ನಾನೇ. ಕಿವಿ ಮಂದವಾದ್ದರಿಂದ ಕೊನೆಯ ಸಾಲನ್ನು ಎರಡು ಸಲ ಓದಬೇಕಾಯಿತು.

ಇದೆಲ್ಲ ನಡೆದು ಮೂರು ವರ್ಷವಾಯಿತು. ಅಜ್ಜ ಗಟ್ಟಿಮುಟ್ಟಾಗಿದ್ದಾರೆ. ಕಷ್ಟವೆಲ್ಲ ಬೆಳ್ಯಪ್ಪಣ್ಣನದು. ಹೋದ ತಿಂಗಳು ಹುದಿಕೇರಿಯಲ್ಲಿರುವ ಮಗಳ ಮನೆಗೆ ಹೊರಟು, ಹೇಳಿ ಹೋಗಲು ಬಂದರು.

"ಎಷ್ಟು ದಿನ?" ಎಂದರು ಅಜ್ಜ.

"ನಾಲ್ಕು ದಿನ."

"ನಾಲ್ಕು ದಿನವಾ! ಅಷ್ಟರೊಳಗೆ ನಂಗೆ ಎಂಥಾದ್ರೂ ಆದ್ರೆ ನೋಡುವವರು ಯಾರು?"

ಬೆಳ್ಯಪ್ಪಣ್ಣ ಎರಡನೆಯ ದಿನವೇ ಹಿಂದಿರುಗಿದರು. ಆದರೂ ಅಜ್ಜನಿಗೆ ಸಮಾಧಾನವಿಲ್ಲ. ಹೊಸ ಏರ್ಪಾಡು ಸಮಯಕ್ಕೆ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂಬ ಅನುಮಾನ. ಮೊನ್ನೆ ಭಾನುವಾರ ಜಗಲಿಯಲ್ಲಿ ಚಾಪೆ ಹಾಸಿಕೊಂಡು, ಬಿಳಿ ಬಟ್ಟೆ ಹೊದ್ದು ನೆಟ್ಟಗೆ ಮಲಗಿ, ನನ್ನನ್ನು ಕರೆದರು.

"ಮಗ, ಒಂದು ಸಲ ಮಾಡಿ ನೋಡಿಬಿಡುವೊ. ಬೆಳ್ಯಪ್ಪ ಎಷ್ಟು ಹೊತ್ತಿಗೆ ಬರುದೆಂದು ಗೊತ್ತಾಗಲಿ."

"ಕೋವಿ ನಾನು ಮುಟ್ಟುವ ಹಾಗಿಲ್ಲವಲ್ಲ ಅಜ್ಜ" ಎಂದೆ.

"ಕೋವಿ ಎಂಥಕ್ಕೆ? ನಿಂಗೆ ಬಾಯಿಲಿ ಹೇಳಿ ಗೊತ್ತುಂಟಲಾ. ಹೇಳ್."

ಗಣಿತದಲ್ಲಿ ಎಂ.ಎಸ್ಸಿ., ಕಂಪ್ಯೂಟರನ್ನು ಇಪ್ಪತ್ತು ನಿಮಿಷ ನೋಡಿದವನು, ನಾನು ಅಂಗಳದ ನಡುವೆ ನಿಂತು, ಗದ್ದೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ "ಢಂ, ಢಂ" ಎಂದೆ.

ಆಚೆ ದಡದಿಂದ ಯಾರೂ ಬರಲಿಲ್ಲ. ಅಡುಗೆಮನೆಯಿಂದ ಮಾತ್ರ ಕಂಚಿನ ತಟ್ಟೆಯ ಸದ್ದು ಕೇಳಿತು.

"ಊಟಕ್ಕೆ ಬನ್ನಿ, ಇಬ್ಬರೂ!" ಎಂದಳು ಲೀಲಾ.

ಅಜ್ಜ ಬಟ್ಟೆ ಸರಿಸಿ ಎದ್ದು ಒಳಗೆ ಹೋದರು. ನಾನೂ ಹೋದೆ. ನನ್ನ ಇಡೀ ವ್ಯವಸ್ಥೆಯಲ್ಲಿ ಒಮ್ಮೆಯೂ ತಪ್ಪದೆ ತಲುಪಿದ ಸಂಕೇತ ಅದೊಂದೇ.